ಒಂದೇ ಎತ್ತರದ ಜೆರೇನಿಯಂ

ಸೊಸೆ ಕುರ್ಚಿಯ ಬೆನ್ನಿಗೆ ಭುಜ ಕೊಟ್ಟು ತಳ್ಳುತ್ತಿದ್ದಳು. ಕುರ್ಚಿಯಲ್ಲಿ ಮಾವ ಕೂತೇ ಇದ್ದರು.

"ಏಳಿ ಮಾವ."

"ಏಳಲ್ಲ."

"ನಿಮ್ಮನ್ನೂ ಸೇರಿಸಿ ತಳ್ತೀನಿ."

"ತಳ್ಳು. ಇದನ್ನ ಅಂಗಡಿಯಿಂದ ಇಲ್ಲಿಗೆ ತರೋಕೆ ನಾಲ್ಕು ಜನ ಗಂಡಸರು ಏದುಸಿರು ಬಿಟ್ಟಿದ್ರು."

ಅವಳು ಇನ್ನೊಮ್ಮೆ ತಳ್ಳಿದಳು. ಕುರ್ಚಿ ಸರಿಯುವ ಬದಲು ತಿರುಗಿತು. ಮಾವ ಈಗ ಗೋಡೆಗೆ ಮುಖ ಮಾಡಿ ಕೂತರು. ಹಾಗೇ ಕೂತು ಪೇಪರು ಓದತೊಡಗಿದರು.

ಅದು ಮಾವನ ಕ್ಷೌರದ ಅಂಗಡಿಯ ಕುರ್ಚಿ. ಕಬ್ಬಿಣದ ದುಂಡು ಬುಡ, ಅಂಚು ಹರಿದ ಕಪ್ಪು ರೆಕ್ಸಿನ್, ಕಾಲಿಡಲು ಗೀರುಗೀರಿನ ತಗಡು. ಕಟ್ಟಡ ಕೆಡವುತ್ತಾರೆಂದು ಅಂಗಡಿ ಬಿಡಿಸಿದಾಗ ಮಾವ ಕನ್ನಡಿಗಳನ್ನು ಮಾರಿದರು, ಕುರ್ಚಿಯನ್ನು ಮಾರಲಿಲ್ಲ. ಮನೆಯ ಹಿತ್ತಲಿಗೆ ತಂದು ನಟ್ಟನಡುವೆ ಇಟ್ಟರು. ಆ ಹಿತ್ತಲಿಗೆ ಒಂದು ಕಡೆ ಅಡಿಗೆಮನೆಯ ಗೋಡೆ, ಇನ್ನೊಂದು ಕಡೆ ಟೈರ್ ಅಂಗಡಿಯ ಎತ್ತರದ ಗೋಡೆ. ಎರಡರ ಮಧ್ಯೆ ಬಿಸಿಲು ಬೀಳುವುದು ಸೂರ್ಯ ನೆತ್ತಿಯ ಹತ್ತಿರ ಬಂದಾಗ, ಅದೂ ನಡುವಿನ ಒಂದು ಪಟ್ಟಿಯ ಮೇಲೆ. ಕುರ್ಚಿ ಇದ್ದದ್ದು ಅಲ್ಲೇ. ಸೊಸೆಯ ಅರವತ್ತು ಜೆರೇನಿಯಂ ಕುಂಡಗಳು ಟೈರ್ ಅಂಗಡಿಯ ಗೋಡೆಯುದ್ದಕ್ಕೂ ನೆರಳಿನಲ್ಲಿ ಸಾಲಾಗಿ ಕೂತಿದ್ದವು, ಎಲ್ಲವೂ ಕುರ್ಚಿಯ ಕಡೆಗೆ ಕತ್ತು ಚಾಚಿಕೊಂಡು.

ಗಂಡ ಟೀ ಲೋಟ ಹಿಡಿದು ಬಾಗಿಲಿಗೆ ಬಂದ. ಅವನದು ಲಿಫ್ಟ್ ರಿಪೇರಿಯ ಕೆಲಸ. ಮನೆಯಲ್ಲಿ ಜಗಳ ಶುರುವಾದರೆ ಅಪ್ಪ ಎರಡು ಮಹಡಿಯ ಮಧ್ಯೆ ನಿಂತುಬಿಡುತ್ತಾನೆ ಅಂತ ಮಗಳು ಆಡಿಕೊಳ್ಳುತ್ತಿದ್ದಳು. ಅವತ್ತು ಅವನು ಅಪ್ಪನ ಕಡೆ ನೋಡಿದ, ಹೆಂಡತಿಯ ಕಡೆ ನೋಡಿದ, ಟೀ ಕುಡಿದ.

"ಕುಂಡಗಳನ್ನೇ ಕುರ್ಚಿ ಸುತ್ತ ಇಟ್ರೆ?" ಅಂದ.

"ಕುರ್ಚಿ ನೆರಳು ಎಲ್ಲಿ ಬೀಳುತ್ತೆ, ಆಕಾಶದ ಮೇಲಾ?" ಅಂದಳು ಹೆಂಡತಿ. "ದಿನಕ್ಕೆ ಮೂರ್ನಾಲ್ಕು ಗಂಟೆಯಾದ್ರೂ ಬಿಸಿಲು ತಗಲದಿದ್ರೆ ಇದು ಹೂ ಬಿಡಲ್ಲ. ಬರೀ ಕಡ್ಡಿ ಆಗುತ್ತೆ. ನೋಡಿ, ಒಂದೊಂದು ಎಲೆ ಮಧ್ಯೆ ಎಷ್ಟು ಅಂತರ ಬಂದಿದೆ."

"ಭಾನುವಾರ ಬರೋ ಗಿರಾಕಿಗಳನ್ನ ಎಲ್ಲಿ ಕೂರಿಸ್ಲಿ?" ಅಂದರು ಮಾವ, ಗೋಡೆಗೆ. "ಒಲೆ ಮೇಲಾ?"

ಬಾಗಿಲ ಹಿಂದಿನಿಂದ ಮಗಳು, ಅಲ್ಲಿ ಎಣ್ಣೆ ಮಸಾಜೂ ಆಗುತ್ತೆ ತಾತ ಅಂದಳು.

ಕೊನೆಗೆ ಆದ ಒಪ್ಪಂದ ಇದು: ಕುರ್ಚಿ ವಾರವೆಲ್ಲ ಅಡಿಗೆಮನೆಯ ಸೂರಿನ ಕೆಳಗೆ, ಭಾನುವಾರ ಬೆಳಿಗ್ಗೆ ಮಾತ್ರ ನಡುವಿಗೆ. ಗಂಡ ಟೈರ್ ಅಂಗಡಿಯಿಂದ ಇಬ್ಬರನ್ನು ಕರೆತಂದ. ಹಾರೆ ಹಾಕಿ ಕುರ್ಚಿಯನ್ನು ಸರಿಸುವಾಗ ಮಾವ ಒಳಗೆ ಹೋಗಿ ರೇಡಿಯೋ ಜೋರಾಗಿ ಹಾಕಿಕೊಂಡರು.

*

ಸೊಸೆ ಬಹಳ ವರ್ಷ ಬೈಂಡಿಂಗ್ ಅಂಗಡಿಯೊಂದರಲ್ಲಿ ಪುಸ್ತಕದ ಹಾಳೆ ಹೊಲಿಯುತ್ತಿದ್ದವಳು. ಅಂಗಡಿ ಮುಚ್ಚಿತು. ಆಮೇಲೆ ಕೆಲವು ವಾರ ಬಿಸ್ಕತ್ತು ಕಾರ್ಖಾನೆಯ ಪ್ಯಾಕಿಂಗ್‌ನಲ್ಲಿ ನಿಂತಳು. ಅಲ್ಲಿ ನಿಂತೇ ಇರಬೇಕು, ಕೂರಲು ಸ್ಟೂಲೂ ಇಲ್ಲ. ಸಂಜೆ ಕಾಲು ಊದಿ ಚಪ್ಪಲಿಯ ಪಟ್ಟಿ ಚರ್ಮದೊಳಗೆ ಹೂತಿರುತ್ತಿತ್ತು. ಬಿಟ್ಟಳು. ಬಿಟ್ಟ ದಿನದಿಂದ ಗಂಡ ಏನೂ ಅನ್ನಲಿಲ್ಲ. ಆದರೆ ಮೊಟ್ಟೆಯ ಬೆಲೆಯನ್ನು ಊಟದ ಹೊತ್ತಿಗೇ ಹೇಳತೊಡಗಿದ.

ಬೀದಿಯ ಮೂಲೆಯಲ್ಲಿ ಹಳೆಯ ಲಾಡ್ಜ್ ಒಂದನ್ನು ಕೊಂಡು ಯಾರೋ ಹೋಟೆಲು ಮಾಡುತ್ತಿದ್ದರು. ಹೊಸ ಬಣ್ಣ, ಹೊಸ ಕಿಟಕಿ, ಪ್ರತಿ ಕಿಟಕಿಯ ಹೊರಗೂ ಕುಂಡ ಕೂರಿಸಲು ಕಬ್ಬಿಣದ ತೊಟ್ಟಿಲು. ಅವಳು ಒಂದು ಬೆಳಿಗ್ಗೆ ನೇರ ಒಳಗೆ ಹೋಗಿ, ಇದರಲ್ಲಿ ಏನು ಇಡ್ತೀರಿ ಅಂತ ಮ್ಯಾನೇಜರನ್ನು ಕೇಳಿದಳು. ಅವನು ಅದರ ಬಗ್ಗೆ ಯೋಚಿಸಿಯೇ ಇರಲಿಲ್ಲ. ಜೆರೇನಿಯಂ ಇಡಿ, ಕೆಂಪು, ದೂರದಿಂದಲೇ ಕಾಣುತ್ತೆ, ಬಿಸಿಲಿಗೆ ಹೆದರಲ್ಲ, ಒಂದು ದಿನ ನೀರು ಮರೆತರೂ ಸಾಯಲ್ಲ ಅಂದಳು. ಅವನು ಒಪ್ಪಿದ. ಹೋಟೆಲು ತೆರೆಯುವ ದಿನ ಎಲ್ಲ ಕಿಟಕಿಯಲ್ಲೂ ಹೂ ಇರಬೇಕು. ಇದ್ದರೆ ವರ್ಷವಿಡೀ ಗಿಡ ಬದಲಾಯಿಸುವ, ನೋಡಿಕೊಳ್ಳುವ ಕೆಲಸವೂ ಅವಳದೇ. ಇಲ್ಲದಿದ್ದರೆ ಬಿಸ್ಕತ್ತು.

ತಾಯಿಗಿಡ ಕೊಳ್ಳಲು ಮಗಳ ಜೊತೆ ಸಸಿ ಮಾರುವಲ್ಲಿಗೆ ಹೋಗಿದ್ದಳು. ಮಗಳು ಇಳಿಬಿದ್ದು ತೂಗುವ ಗುಲಾಬಿ ಬಣ್ಣದ ಜಾತಿಗೆ ಕೈಹಾಕಿದಳು. ಅಮ್ಮ ಅವಳ ಕೈ ಸರಿಸಿದಳು. ತೂಗುವುದು ಗಾಳಿಗೆ ಮುರಿಯುತ್ತೆ, ಕೆಳಗಿನ ಕಿಟಕಿಯ ಬೆಳಕು ತಿನ್ನುತ್ತೆ. ಆಮೇಲೆ ಮಾರುವವನು ಹೂ ತುಂಬಿದ ಗಿಡ ಮುಂದೆ ತಂದಿಟ್ಟ. ಅದನ್ನೂ ಬಿಟ್ಟಳು. ಬುಡ ತಿರುಗಿಸಿ ನೋಡಿದಳು, ಕಾಂಡ ಹೆಬ್ಬೆರಳಿನಿಂದ ಒತ್ತಿದಳು, ಎಲೆ ಮಗುಚಿ ಕೆಳಗೆ ತುಕ್ಕಿನಂಥ ಚುಕ್ಕೆ ಇದೆಯಾ ಅಂತ ಹುಡುಕಿದಳು. ಆರಿಸಿದ್ದು ಹೂವೇ ಇಲ್ಲದ, ಗಿಡ್ಡ, ದಪ್ಪ ಕಾಂಡದ, ದುಂಡು ಎಲೆಯ ಮೇಲೆ ಕಂದು ಉಂಗುರವಿದ್ದ ನಾಲ್ಕು ಗಿಡ. ಹೂವಿಲ್ಲದ್ದು ಕೆಂಪೇ ಅಂತ ಹೇಗೆ ಗೊತ್ತು ಅಂತ ಮಗಳು ಕೇಳಿದಳು. ಕುಂಡದೊಳಗೆ ಒಣಗಿ ಬಿದ್ದಿದ್ದ ಎಸಳೊಂದನ್ನು ಅಮ್ಮ ಎತ್ತಿ ತೋರಿಸಿದಳು.

ಆ ನಾಲ್ಕರಿಂದ ಅರವತ್ತಾಯಿತು. ಕತ್ತರಿಸಿದ ತುಂಡುಗಳನ್ನು ಅಡಿಗೆಮನೆಯ ಹಲಗೆಯ ಮೇಲೆ ಪೇಪರು ಹಾಸಿ ಒಂದು ದಿನ ಒಣಗಲು ಬಿಟ್ಟಾಗ, ಬಾಡುತ್ತಿದೆ, ನೀರಲ್ಲಿ ಹಾಕು ಅಂತ ಮಾವ ಹಿಂದೆ ಮುಂದೆ ಓಡಾಡಿದರು. ಕತ್ತರಿಸಿದ ಬಾಯಿ ಒಣಗಿ ಚರ್ಮ ಕಟ್ಟದಿದ್ದರೆ ಮಣ್ಣಿನಲ್ಲಿ ಕೊಳೆಯುತ್ತೆ ಅಂತ ಅವಳು ಹೇಳಿದ ಮೇಲೆ, ಬ್ಲೇಡ್ ತಾಗಿದ ಗಾಯದ ಹಾಗೆ ಅನ್ನು, ಅಂತ ತಲೆಯಾಡಿಸಿದರು. ಮನೆಯೆಲ್ಲ ಆ ಎಲೆಯ ಘಾಟು. ಗಂಡ ಬ್ರೆಡ್ಡಿನಲ್ಲೂ ಅದೇ ವಾಸನೆ ಅಂತ ಮೂಗು ಮುರಿದ.

ಗಿಡ ಗೇಣುದ್ದವಾದಾಗ ಅವಳು ಒಂದೊಂದರ ತುದಿಯನ್ನೂ ಉಗುರಿನಲ್ಲಿ ಚಿವುಟಿದಳು, ಪಕ್ಕದಲ್ಲಿ ಕವಲೊಡೆಯಲಿ ಅಂತ. ಮಾವ ಸೂರಿನ ಕೆಳಗಿನ ಕುರ್ಚಿಯಿಂದಲೇ ನೋಡುತ್ತಿದ್ದರು.

"ಅದು ನನ್ನ ಕೆಲಸ," ಅಂದರು. "ಒಂದು ಸಾಲು ನನಗೆ ಬಿಡು."

"ನಾನು ಮಾಡ್ಕೋತೀನಿ ಮಾವ."

"ಉಗುರಲ್ಲಿ ಕೀಳ್ತಿದ್ದೀಯ. ಕತ್ತರಿ ಇದೆ."

"ನಾನು ಮಾಡ್ಕೋತೀನಿ ಅಂದೆನಲ್ಲ."

ಮಾವ ಬೀದಿಯಲ್ಲಿ 'ಲೆವೆಲ್' ಅಂತಲೇ ಹೆಸರಾದವರು. ಯಾವ ತಲೆ ಬಂದರೂ, ಲೆವೆಲ್ ಮಾಡ್ಬಿಡ್ತೀನಿ ಅಂತ ಶುರುಮಾಡುತ್ತಿದ್ದರು. ಈಗ ಭಾನುವಾರಕ್ಕೆ ಬರುವವರು ಮೂವರು. ಒಬ್ಬರಿಗೆ ಮಂಡಿನೋವು, ಒಬ್ಬರಿಗೆ ಕಿವಿ ಕೇಳದು. ಮೂರನೆಯವರು ನಿವೃತ್ತ ಪೋಸ್ಟ್‌ಮ್ಯಾನ್, ಮಾತಿಗೆ ಬರುತ್ತಿದ್ದರು, ಕೂದಲು ನೆಪ. ಮೊಮ್ಮಗಳು ಸಲೂನಿಗೆ ಹೋಗುತ್ತಿದ್ದಳು. ಮಗನ ತಲೆಯಲ್ಲಿ ಕತ್ತರಿಸಲು ಏನೂ ಉಳಿದಿರಲಿಲ್ಲ.

ಆ ವಾರ ಇನ್ನೊಂದು ಜಗಳವಾಯಿತು. ಮಾವ ಸಂಜೆ ಹೊತ್ತು ಅಂಗಡಿಯ ಸ್ಪ್ರೇ ಬಾಟಲಿ ತಂದು ಗಿಡಗಳ ಎಲೆಯ ಮೇಲೆಲ್ಲ ನೀರು ಸಿಂಪಡಿಸಿದ್ದರು. ಎರಡು ದಿನದಲ್ಲಿ ಎಲೆಗಳಿಗೆ ಕಂದು ಮಚ್ಚೆ ಬಂತು. ಸೊಸೆ ಆಲೂಗಡ್ಡೆ ಬಡಿಸಿ, ಬಾಟಲಿಯನ್ನು ತಂದು ಊಟದ ಮೇಜಿನ ಮೇಲಿಟ್ಟಳು. ಎಲೆಗೆ ನೀರು ಬೇಡ, ಬುಡಕ್ಕೆ ಸಾಕು, ಅದೂ ಮಣ್ಣಿಗೆ ಬೆರಳು ಹಾಕಿ ಒಣಗಿದೆ ಅನಿಸಿದಾಗ ಮಾತ್ರ ಅಂತ ಎಲ್ಲರಿಗೂ ಕೇಳುವ ಹಾಗೆ ಹೇಳಿದಳು.

"ತಲೆ ಒದ್ದೆ ಮಾಡದೆ ನಾನು ಯಾರಿಗೂ ಕೈ ಹಾಕಿದವನಲ್ಲ," ಅಂದರು ಮಾವ.

"ಇದು ತಲೆ ಅಲ್ಲ ಮಾವ."

"ಒಂದು ಮಾತು ಕೇಳಿ ಮಾಡಬಹುದಿತ್ತಲ್ಲ ಅಪ್ಪ," ಅಂದ ಗಂಡ. ಹೆಂಡತಿಯ ಕಡೆ ತಿರುಗಿ, "ನೀನೂ ಅಷ್ಟು ಗಟ್ಟಿಯಾಗಿ ಹೇಳ್ಬೇಕಾಗಿರ್ಲಿಲ್ಲ," ಅಂದ.

"ಇಲ್ಲೇ ನಿಂತಿತು ಲಿಫ್ಟು," ಅಂದಳು ಮಗಳು.

*

ಕುಂಡಗಳು ಮೂರು ಸಾಲಾಗಿ ನಡುವಿನ ಪಟ್ಟಿಗೆ ಬಂದು ಬಿಸಿಲು ಸಿಕ್ಕ ಮೇಲೆ ಗಿಡಗಳು ಎದ್ದವು. ಸೊಸೆ ದಿನ ಬಿಟ್ಟು ದಿನ ಕುಂಡಗಳನ್ನು ಕಾಲು ಸುತ್ತು ತಿರುಗಿಸಿಡುತ್ತಿದ್ದಳು, ಒಂದೇ ಕಡೆ ವಾಲದಿರಲಿ ಅಂತ. ಹಳದಿ ತಿರುಗಿದ ಎಲೆಯನ್ನು ಬುಡದಲ್ಲೇ ಮುರಿದು ತೆಗೆಯುತ್ತಿದ್ದಳು. ಹೋಟೆಲು ತೆರೆಯಲು ಎರಡು ವಾರವಿದೆ ಅನ್ನುವಾಗ ಮೊಗ್ಗಿನ ಕಡ್ಡಿಗಳು ಎಲೆಗಳನ್ನು ಮೀರಿ ಮೇಲೆದ್ದವು. ಒಂದೊಂದರ ತುದಿಯಲ್ಲೂ ಬಾಗಿದ ಕೊಕ್ಕಿನಂಥ ಮೊಗ್ಗುಗಳ ಗೊಂಚಲು.

ಮ್ಯಾನೇಜರು ನೋಡಲು ಬಂದ. ಬಿಳಿ ಶೂ ಹಾಕಿದ್ದ, ಹಿತ್ತಲಲ್ಲಿ ಎಲ್ಲಿ ಕಾಲಿಡುವುದೆಂದು ಹುಡುಕುತ್ತಾ ಬಂದ. ಮಗಳು ಟೀ ತಂದಳು. ಮಾವ ಕುರ್ಚಿಯ ಹಿಂದೆ, ಗಿರಾಕಿ ಕೂತಿದ್ದಾನೋ ಎಂಬಂತೆ ನಿಂತಿದ್ದರು. ಗಿಡ ಚೆನ್ನಾಗಿದೆ ಅಂದ ಮ್ಯಾನೇಜರು. ಆಮೇಲೆ ಒಂದು ಕಣ್ಣು ಮುಚ್ಚಿ ಸಾಲನ್ನು ನೋಡಿದ.

"ಇದೊಂದು ಮೇಲೆ, ಅದೊಂದು ಕೆಳಗೆ. ಬೀದಿಯಿಂದ ನೋಡಿದ್ರೆ ಒಂದೇ ಗೆರೆ ಕಾಣ್ಬೇಕು. ಎಲ್ಲ ಒಂದೇ ಎತ್ತರ ಇರ್ಲಿ. ಯಾವುದೂ ತಲೆ ಎತ್ತಿ ನಿಲ್ಲಬಾರದು."

ಹೂ ಅರಳಿದಾಗ ಸರಿಹೋಗುತ್ತೆ, ಗಿಡ್ಡ ಇರುವುದನ್ನು ಇಟ್ಟಿಗೆ ಕೊಟ್ಟು ಎತ್ತರಿಸ್ತೀನಿ ಅಂತ ಸೊಸೆ ಹೇಳಿದಳು. ಅವನು ಆಗಲೇ ಗೇಟಿನ ಹತ್ತಿರ ಶೂ ಒರೆಸಿಕೊಳ್ಳುತ್ತಿದ್ದ.

ಅದಾದ ಭಾನುವಾರ ಅವಳು ಮಗಳ ಜೊತೆ ಹೋಟೆಲಿಗೆ ಹೋದಳು, ಕಿಟಕಿಯ ತೊಟ್ಟಿಲುಗಳ ಅಳತೆ ತೆಗೆಯಲು. ಗಂಡ ಯಾವುದೋ ಆಸ್ಪತ್ರೆಯ ಲಿಫ್ಟು ನಿಂತಿದೆಯೆಂದು ಬೆಳಿಗ್ಗೆಯೇ ಹೋಗಿದ್ದ. ಹೋಗುವ ಮುಂಚೆ ಟೈರ್ ಅಂಗಡಿಯವರನ್ನು ಕರೆದು ಕುರ್ಚಿಯನ್ನು ನಡುವಿಗೆ ತರಿಸಿದ್ದ. ಮಾವ ಬಾಚಣಿಗೆ, ಕತ್ತರಿ, ಬಿಳಿ ಬಟ್ಟೆ, ಪೌಡರ್ ಡಬ್ಬಿ ಸ್ಟೂಲಿನ ಮೇಲೆ ಜೋಡಿಸಿಕೊಂಡು ಕಾದರು. ಮಂಡಿನೋವಿನವರು ಬರಲಿಲ್ಲ. ಕಿವಿ ಕೇಳದವರನ್ನು ಅವರ ಮಗ ಸಲೂನಿಗೆ ಕರೆದೊಯ್ದನಂತೆ. ಪೋಸ್ಟ್‌ಮ್ಯಾನ್ ಗೇಟಿನಿಂದಲೇ ಕೈಯೆತ್ತಿ, ಈ ವಾರ ಬೇಡ ಲೆವೆಲ್, ಬೆಳೆದೇ ಇಲ್ಲ, ಅಂತ ಹೋದರು.

ಅಮ್ಮ ಮಗಳು ಹಿಂತಿರುಗಿದಾಗ ಹಿತ್ತಲು ಗುಡಿಸಿ ಸ್ವಚ್ಛವಾಗಿತ್ತು. ಮಾವ ಕತ್ತರಿಗೆ ಎಣ್ಣೆ ಹಚ್ಚುತ್ತಿದ್ದರು. ಮೂರು ಸಾಲು ಕುಂಡ. ಮೂರೂ ಸಾಲು ರೂಲುದೊಣ್ಣೆ ಇಟ್ಟು ಎಳೆದ ಹಾಗೆ ಸಮ. ಎಲೆಗಳ ಮೇಲೆ ಬಾಚಣಿಗೆ ಮಲಗಿಸಿ, ಅದರಿಂದ ಮೇಲೆ ಬಂದದ್ದನ್ನೆಲ್ಲ ಕತ್ತರಿಸಿದ್ದರು. ಒಂದೂ ತಲೆ ಎತ್ತಿ ನಿಂತಿರಲಿಲ್ಲ. ಮೂಲೆಯಲ್ಲಿ, ಕೂದಲು ಗುಡಿಸಿ ರಾಶಿ ಹಾಕುತ್ತಿದ್ದ ಜಾಗದಲ್ಲಿ, ಮೊಗ್ಗುಗಳ ರಾಶಿ. ಕೆಲವು ಒಡೆದು ಕೆಂಪು ಇಣುಕುತ್ತಿತ್ತು.

"ಬಂದ್ಯಾ," ಅಂದರು ಮಾವ. "ಆ ಕೊನೆಗೆ ಹೋಗಿ ನಿಂತು ನೋಡು. ಒಂದು ಕಣ್ಣು ಮುಚ್ಚಿ ನೋಡು."

ಸೊಸೆ ಚೀಲವನ್ನು ನೆಲಕ್ಕಿಟ್ಟಳು. ರಾಶಿಯ ಹತ್ತಿರ ಹೋಗಿ ಕುಕ್ಕರುಗಾಲಲ್ಲಿ ಕೂತಳು. ಒಂದು ಕಡ್ಡಿ ಎತ್ತಿ ನೋಡಿದಳು, ಇನ್ನೊಂದು ಎತ್ತಿ ನೋಡಿದಳು.

"ಯಾವುದಾದ್ರೂ ಒಂದು ಬಿಟ್ಟಿದ್ದೀರಾ?"

"ಒಂದೂ ಬಿಟ್ಟಿಲ್ಲ. ಅವನಿಗೆ ಬೇಕಾಗಿದ್ದು ಅದೇ ತಾನೆ. ನಾನೂ ಕೇಳಿಸ್ಕೊಂಡೆ."

"ಹೂವು, ಮಾವ. ಇದೇ ಹೂವು."

"ಮತ್ತೆ ಬರುತ್ತಲ್ಲ."

"ಯಾವಾಗ?"

ಮಾವ ಕತ್ತರಿಯನ್ನು ಎರಡು ಸಲ ಗಾಳಿಯಲ್ಲಿ ಆಡಿಸಿದರು. ಗಿಡಕ್ಕೆ ಒಳ್ಳೆಯದೇ ಆಗಿದೆ, ಕಡ್ಡಿಕಡ್ಡಿಯಾಗಿತ್ತು, ಇನ್ನು ಎರಡು ತಿಂಗಳಲ್ಲಿ ಒಂದೊಂದೂ ಚೆಂಡಿನ ಹಾಗೆ ತುಂಬಿಕೊಳ್ಳುತ್ತೆ, ಬೇಕಾದ್ರೆ ಬರೆದುಕೊಡ್ತೀನಿ ಅಂದರು. ಅದು ಸುಳ್ಳೂ ಆಗಿರಲಿಲ್ಲ. ಸೊಸೆ ಎದ್ದು ಒಳಗೆ ಹೋದಳು.

"ನಿನ್ನ ಯಾರು ಕರೆದಿದ್ದು ತಾತ?" ಅಂದಳು ಮಗಳು.

"ನಿಮ್ಮಮ್ಮನ ಕೆಲಸ ಹಗುರ ಮಾಡಿದೆ."

"ಯಾರು ಕರೆದಿದ್ದು ಅಂತ ಕೇಳಿದೆ."

"ಈ ಬೀದಿಯ ಎರಡು ತಲೆಮಾರಿನ ತಲೆ ನೋಡಿದೀನಿ ಮರಿ. ಯಾವ ತಲೆನೂ ನನ್ನ ಕೈಲಿ ಹಾಳಾಗಿಲ್ಲ."

"ಅವರೆಲ್ಲ ಕೂತ್ಕೊಂಡು ಹೇಳಿದ್ರು, ಎಷ್ಟು ಕತ್ತರಿಸ್ಬೇಕು ಅಂತ."

ಮಾವ ಬಿಳಿ ಬಟ್ಟೆ ಝಾಡಿಸಿ ಮಡಿಚಿಟ್ಟರು. ರಾತ್ರಿ ಸೊಸೆ ಎಲ್ಲರಿಗೂ ಬಡಿಸಿದಳು. ಮಾವನ ತಟ್ಟೆಗೂ ಬಡಿಸಿದಳು, ಎಂದಿಗಿಂತ ಒಂದು ಚಮಚ ಹೆಚ್ಚೇ ಹಾಕಿದಳು. ಗಂಡ ಬಂದವನು ವಿಷಯ ಕೇಳಿ ಹಿತ್ತಲಿಗೆ ಹೋಗಿ ಟಾರ್ಚ್ ಬಿಟ್ಟು ನೋಡಿ ಬಂದ. ಒಳ್ಳೆಯದಕ್ಕೇ ಮಾಡಿದ್ದಾರೆ, ವಯಸ್ಸಾದವರು ಅಂದ. ಅವಳು ಪಾತ್ರೆ ತಿಕ್ಕುತ್ತಿದ್ದಳು.

"ಒಳ್ಳೆಯದಕ್ಕೆ ಅಂತ ನಿಮ್ಮ ಲಿಫ್ಟಿನ ವೈರು ಯಾರಾದ್ರೂ ಕತ್ತರಿಸಿದ್ರೆ?"

ಅದು ಬೇರೆ ವಿಷಯ ಅಂದ ಗಂಡ. ಯಾಕೆ ಬೇರೆ ಅಂತ ಅವಳು ಕೇಳಿದಳು. ಅವನು ಬಾತ್‌ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡ.

*

ಮಾರನೆಯ ದಿನ ಅವಳು ಹೋಟೆಲಿಗೆ ಹೋದಳು. ದಿನ ಮುಂದೂಡಲು ಆಗಲ್ಲ ಅಂದ ಮ್ಯಾನೇಜರು. ಕರಪತ್ರ ಅಚ್ಚಾಗಿವೆ. ಮೊನ್ನೆ ಅಷ್ಟು ಮೊಗ್ಗಿದ್ದವು, ಏನಾಯಿತು ಅಂತ ಕೇಳಿದ.

ಸಂಜೆ ಮಗಳೂ ಅದನ್ನೇ ಕೇಳಿದಳು, ಏನು ಹೇಳಿದೆ ಅಂತ.

"ರೋಗ ಬಂತು, ನಾನು ಗಮನಿಸಲಿಲ್ಲ ಅಂದೆ."

"ಯಾಕಮ್ಮ?"

"ಮತ್ತೇನು ಹೇಳಲಿ? ನಮ್ಮ ಮಾವ ಬಾಚಣಿಗೆ ಇಟ್ಟು ಲೆವೆಲ್ ಮಾಡಿದ್ರು ಅಂತಲಾ? ನಾಳೆ ಬೀದಿಯಲ್ಲಿ ಹಾಲು ತರೋಕೆ ಹೋದ್ರೂ ಅವರನ್ನ ನೋಡಿ ನಗ್ತಾರೆ."

"ಈಗ ನಿನ್ನ ನೋಡಿ ನಗ್ತಾರೆ."

"ನಕ್ಕರೆ ನಗ್ಲಿ. ಆ ಈರುಳ್ಳಿ ತೆಗೆದುಕೊಡು."

ಮಗಳಿಗೆ ಮಾತು ಹೊಟ್ಟೆಯಲ್ಲಿ ಉಳಿಯುವುದಿಲ್ಲ. ಊಟಕ್ಕೆ ಕೂತಾಗ ತಾತನಿಗೆ ಎಲ್ಲ ಒಪ್ಪಿಸಿದಳು: ಅಮ್ಮ ನಿನ್ನ ತಪ್ಪು ತನ್ನ ಮೇಲೆ ಹಾಕ್ಕೊಂಡು ಬಂದಿದ್ದಾಳೆ, ಗೊತ್ತಿರಲಿ. ಮಾವನ ಕೈ ತಟ್ಟೆಯ ಮೇಲೆ ನಿಂತಿತು. ಸೊಸೆಯ ಮುಖ ನೋಡಿದರು. ಆಮೇಲೆ ಉಪ್ಪು ಕಡಿಮೆ ಆಗಿದೆ, ಡಬ್ಬಿ ಈ ಕಡೆ ಕೊಡಿ ಅಂದರು.

ಹೋಟೆಲು ತೆರೆಯಿತು. ಎಲ್ಲೋ ದೊಡ್ಡ ತೋಟದಿಂದ ಲಾರಿಯಲ್ಲಿ ತರಿಸಿದ ಗಿಡಗಳು ಕಿಟಕಿಗಳಲ್ಲಿ ಕೂತವು, ಕೆಂಪು, ಬಿಳಿ, ಗುಲಾಬಿ ಎಲ್ಲ ಬೆರೆತು. ಸೊಸೆ ಬಿಸ್ಕತ್ತು ಕಾರ್ಖಾನೆಗೆ ಹೋಗತೊಡಗಿದಳು. ಹೋಗುವ ದಾರಿ ಹೋಟೆಲಿನ ಮುಂದೆಯೇ ಇತ್ತು. ಅವಳು ಎದುರು ಬದಿಯ ಫುಟ್‌ಪಾತಿನಲ್ಲಿ ನಡೆಯುತ್ತಿದ್ದಳು. ಸಂಜೆ ಬಂದು ಬಕೆಟ್ಟಿನಲ್ಲಿ ಬಿಸಿನೀರು ಹಾಕಿಕೊಂಡು ಕಾಲಿಟ್ಟು ಕೂತು ಸೊಪ್ಪು ಬಿಡಿಸುತ್ತಿದ್ದಳು. ಅವಳ ಕೂದಲಿನಿಂದ ವೆನಿಲಾ ವಾಸನೆ ಬರುತ್ತಿತ್ತು. ಒಡೆದ ಬಿಸ್ಕತ್ತಿನ ಪೊಟ್ಟಣ ತಂದರೆ ಮಗಳು ಮುಟ್ಟುತ್ತಿರಲಿಲ್ಲ. ಮಾವ ಟೀಗೆ ಅದ್ದಿಕೊಂಡು ತಿನ್ನುತ್ತಿದ್ದರು.

ಗಿಡಗಳನ್ನು ಅವಳು ಬಿಡಲಿಲ್ಲ. ಕೆಲಸಕ್ಕೆ ಹೊರಡುವ ಮುಂಚೆ ಸಾಲಿನುದ್ದಕ್ಕೂ ಹೋಗಿ ಮಣ್ಣಿಗೆ ಬೆರಳು ಹಾಕಿ ನೋಡುತ್ತಿದ್ದಳು. ಕತ್ತರಿಸಿದ ಕಡೆ ಕೊಳೆತು ಕಪ್ಪಾದ ತುದಿಗಳನ್ನು ಬ್ಲೇಡಿನಿಂದ ಗಣ್ಣಿನವರೆಗೆ ಸರಿಮಾಡಿದಳು. ಹನ್ನೊಂದು ಗಿಡ ಹೋದವು. ಒಟ್ಟೊಟ್ಟಾಗಿ ಒಳಗೆ ಬೆಳೆದ ಎಲೆಗಳನ್ನು ಗಾಳಿಯಾಡಲೆಂದು ತೆಗೆದಳು. ಹೂ ಬಿಡುವ ಹೊತ್ತಿಗೆ ಹಾಕುವ ಗೊಬ್ಬರವನ್ನು ನೀರಿನಲ್ಲಿ ತೆಳ್ಳಗೆ ಕಲಸಿ ಹಾಕಿದಳು. ಯಾರಿಗೆ ಅಂತ ಇಷ್ಟು ಒದ್ದಾಡ್ತೀಯ, ಕೊಟ್ಟುಬಿಡು ಯಾರಿಗಾದ್ರೂ ಅಂತ ಗಂಡ ಹೇಳಿದ. ಅವಳು ಮುಂದಿನ ಕುಂಡಕ್ಕೆ ಹೋದಳು. ಮಾವನೂ ಹತ್ತಿರ ಬರಲಿಲ್ಲ. ಕುರ್ಚಿಯಲ್ಲಿ ಕೂತು ನೋಡುತ್ತಿದ್ದರು, ಪೋಸ್ಟ್‌ಮ್ಯಾನ್ ಬಂದರೆ ತೋರಿಸುತ್ತಿದ್ದರು. ಹೇಗೆ ತುಂಬಿಕೊಂಡಿದೆ ನೋಡು ಅನ್ನುವುದು ಅಡಿಗೆಮನೆಗೆ ಕೇಳುತ್ತಿತ್ತು.

ತುಂಬಿಕೊಂಡೇ ಇದ್ದವು. ಎರಡು ತಿಂಗಳಾಗುವ ಹೊತ್ತಿಗೆ ಒಂದೊಂದು ಕುಂಡದ ಮೇಲೂ ನಾಲ್ಕೈದು ಕೆಂಪು ಗೊಂಚಲು. ಟೈರ್ ಅಂಗಡಿಯವರು ಗೋಡೆಯ ಮೇಲಿಂದ ಇಣುಕಿ ನೋಡಿದರು. ಸೊಸೆ ಒಣಗಿದ ಹೂವಿನ ಕಡ್ಡಿಯನ್ನು ಬುಡಕ್ಕೆ ಬಗ್ಗಿಸಿ ಪಟಕ್ಕನೆ ಮುರಿದು ಬಕೆಟ್ಟಿಗೆ ಹಾಕುತ್ತಾ ಹೋಗುತ್ತಿದ್ದಳು, ಬಸ್ಸಿಗೆ ಹೊತ್ತಾಗುತ್ತಿದ್ದಂತೆ ಬೇಗಬೇಗ.

ಹೋಟೆಲಿನ ಗಿಡಗಳು ಆ ಹೊತ್ತಿಗೆ ಬುಡ ಕಪ್ಪಾಗಿ ಕುಸಿಯತೊಡಗಿದ್ದವು. ರೂಮು ಗುಡಿಸುವವರು ಒಬ್ಬರಾದ ಮೇಲೆ ಒಬ್ಬರು, ದಿನಾ ಚೊಂಬುಗಟ್ಟಲೆ ನೀರು ಸುರಿಯುತ್ತಿದ್ದರು.

*

ಮ್ಯಾನೇಜರು ಬಂದಾಗ ಅವಳು ಕೆಲಸದಲ್ಲಿದ್ದಳು. ಅವಳು ಮನೆಗೆ ಬಂದಾಗ ಮೂವರೂ ಊಟದ ಮೇಜಿನ ಸುತ್ತ ಕೂತಿದ್ದರು. ಟೀ ಆಗಲೇ ಮಾಡಿದ್ದರು, ಅವಳ ಲೋಟಕ್ಕೆ ತಟ್ಟೆ ಮುಚ್ಚಿಟ್ಟಿದ್ದರು. ಅದು ಆ ಮನೆಯಲ್ಲಿ ಆಗುವಂಥದ್ದಲ್ಲ. ಅವಳು ಚಪ್ಪಲಿ ಕಳಚದೆ ನಿಂತಳು.

ಗಂಡ ಹೇಳಿದ. ಮ್ಯಾನೇಜರು ಹಿತ್ತಲು ನೋಡಿ ದಂಗಾದನಂತೆ. ಎಲ್ಲ ಗಿಡವೂ ಬೇಕಂತೆ. ನಾಳೆ ಬೆಳಿಗ್ಗೆ ವ್ಯಾನು ಬರುತ್ತೆ. ಇನ್ನು ವರ್ಷವಿಡೀ ಗಿಡ ಕೊಡುವುದು, ವಾರಕ್ಕೆರಡು ಸಲ ಹೋಗಿ ನೋಡಿಕೊಳ್ಳುವುದು, ಎಲ್ಲ ಈ ಮನೆಗೇ.

"ನಿನಗೆ ಬೇಕಾಗಿದ್ದು ಇದೇ ತಾನೆ," ಅಂದ.

ಅವಳು ಕುರ್ಚಿ ಎಳೆದು ಕೂತಳು. ಮುಖ ಒಂದು ಗಳಿಗೆ ಸಡಿಲವಾಯಿತು. ನಾಳೆ ಕಾರ್ಖಾನೆಗೆ ಏನು ಹೇಳಬೇಕು, ಕುಂಡ ಹೊರಲು ಯಾರು ಸಿಗುತ್ತಾರೆ ಅಂತ ಕೇಳುತ್ತಾ ಲೋಟದ ತಟ್ಟೆ ತೆಗೆದಳು. ಮಗಳು ಮಾತ್ರ ಮೇಜಿನ ಗೀರನ್ನು ಉಗುರಿನಿಂದ ಕೆರೆಯುತ್ತಿದ್ದಳು.

"ಪೂರ್ತಿ ಹೇಳಪ್ಪ," ಅಂದಳು.

"ಹೇಳಿದೆನಲ್ಲ."

"ಯಾರ ಜೊತೆ ಮಾತಾಯ್ತು ಅಂತ ಹೇಳು."

ಮ್ಯಾನೇಜರು ಮಾತಾಡಿದ್ದು ಮಾವನ ಜೊತೆ. ಸೊಸೆಯ ಕೈಲಿದ್ದಾಗ ರೋಗ ಬಂದು ಹಾಳಾಗಿದ್ದವು, ನೀವು ಹೇಗೆ ಇಷ್ಟು ಚೆನ್ನಾಗಿ ತಂದಿರಿ ಅಂತ ಕೇಳಿದನಂತೆ. ಕೆಲಸ ಕೊಟ್ಟಿದ್ದೂ ಅವರಿಗೇ. ಜೊತೆಗೆ ಕೈಜೋಡಿಸಲು ಮನೆಯಿಂದ ಯಾರನ್ನಾದರೂ ಕರೆತನ್ನಿ ಅಂದಿದ್ದನಂತೆ.

ಸೊಸೆ ಟೀ ಲೋಟ ಕೆಳಗಿಟ್ಟಳು.

"ನೀವೇನಂದ್ರಿ ಮಾವ?"

ಮಾವ ಮೇಜಿನ ಮೇಲಿನ ಬಿಸ್ಕತ್ತಿನ ಪುಡಿಯನ್ನು ಅಂಗೈಯಿಂದ ಒಟ್ಟುಗೂಡಿಸಿದರು.

"ಸ್ವಲ್ಪ ಕತ್ತರಿ ಆಡಿಸಿದೆ ಅಂದೆ. ಅದು ಸುಳ್ಳಲ್ಲವಲ್ಲ."

"ರೋಗ ಬಂದಿರ್ಲಿಲ್ಲ ಅಂದ್ರಾ?"

"ಅದು ನೀನೇ ಹೇಳಿದ್ದು. ನೀನು ಹೇಳಿದ್ದನ್ನ ನಾನು ಸುಳ್ಳು ಅನ್ನೋದು ಹೇಗೆ?"

"ಯಾಕೆ ಹೇಳಿದೆ ಅಂತ ನಿಮಗೆ ಗೊತ್ತಿತ್ತು."

"ಗೊತ್ತಿತ್ತು," ಅಂದರು ಮಾವ. "ಅಂಗಡಿ ಹೋದ ಮೇಲೆ ಮೊದಲ ಸಲ ಒಬ್ಬ ನನ್ನನ್ನ ಕೂತು ಕೇಳಿದ. ಮಾಸ್ಟರ್ ಅಂದ."

ಗಂಡ ನಡುವೆ ಬಂದ. ಯಾರ ಹೆಸರಾದರೇನು, ಬರುವುದು ಮನೆಗೆ. ಅಪ್ಪನ ಹೆಸರು ಬರೀ ಬಾಯಿಮಾತಿಗೆ. ನಾಳೆಯಿಂದ ಬಿಸ್ಕತ್ತು ತಪ್ಪಿತು, ಕಾಲುನೋವು ತಪ್ಪಿತು, ದಿನವಿಡೀ ಗಿಡದ ಜೊತೆ ಇರಬಹುದು. ಇಷ್ಟು ದಿನ ಬೇಕು ಬೇಕು ಅಂದು, ಈಗ ಬಾಗಿಲಿಗೆ ಬಂದಾಗ ಯಾಕೆ ಮುಖ ಗಂಟು ಹಾಕುತ್ತೀಯ ಅಂದ.

"ನಾಳೆ ಅವರು ಬಂದಾಗ ಹೇಳ್ತೀರಾ ಮಾವ?" ಅಂದಳು ಸೊಸೆ. ಗಂಡನ ಕಡೆ ನೋಡಲಿಲ್ಲ. "ಬೆಳೆಸಿದವಳು ಇವಳು, ಕತ್ತರಿಸಿದ್ದು ನಾನು, ರೋಗ ಬಂದಿರ್ಲಿಲ್ಲ ಅಂತ. ಇಷ್ಟೇ. ಹೇಳ್ತೀರಾ?"

"ಈಗ ಹೇಳಿದ್ರೆ ಅವನು ಏನಂದ್ಕೋತಾನೆ?"

"ಎರಡು ತಿಂಗಳ ಹಿಂದೆ ನನ್ನ ಬಗ್ಗೆ ಏನಂದ್ಕೊಂಡನೋ ಅದನ್ನೇ."

"ನಾನು ಹೇಳ್ತೀನಿ ಬಿಡಮ್ಮ," ಅಂದಳು ಮಗಳು.

"ನೀನಲ್ಲ. ಅವರು."

ಪಕ್ಕದ ಟೈರ್ ಅಂಗಡಿಯಲ್ಲಿ ಯಾರೋ ಗಾಳಿ ತುಂಬುತ್ತಿದ್ದರು. ಮಾವ ಪುಡಿಯನ್ನೆಲ್ಲ ಅಂಗೈಗೆ ತುಂಬಿಕೊಂಡು ಎಲ್ಲಿ ಹಾಕುವುದೆಂದು ತಿಳಿಯದೆ ಹಿಡಿದುಕೊಂಡಿದ್ದರು.

"ನೋಡಮ್ಮ," ಅಂದರು. "ಬರೋದನ್ನೆಲ್ಲ ನೀನೇ ಇಟ್ಕೋ. ನನಗೆ ಒಂದು ಟೀ ಕಾಸೂ ಬೇಡ. ಯಾವ ಗಿಡ, ಯಾವ ಮಣ್ಣು, ಎಲ್ಲ ನೀನು ಹೇಳಿದ ಹಾಗೆ. ಕತ್ತರಿ ಬೇಕಾದ್ರೆ ಮುಟ್ಟಲ್ಲ, ಸುಮ್ಮನೆ ಜೊತೆಗೆ ಬಂದು ನಿಲ್ತೀನಿ. ಅದೊಂದು ಮಾತ್ರ ಅವನ ಹತ್ರ ಆಡೋದು ಬೇಡ. ನಾಳೆ ವ್ಯಾನು ಬರುತ್ತೆ. ಹೂಂ ಅನ್ನು."

"ಇಲ್ಲ," ಅಂದಳು ಸೊಸೆ. "ಒಂದು ಕುಂಡಾನೂ ಕೊಡಲ್ಲ."